ಗ್ಲೋಬ್ ಮೇಲೆ ದಾರ ಎಳೆದು ಏರ್‌ಲಿಫ್ಟ್ ಪಾಠ ಮಾಡಿದ್ದು

ಉಡುಪಿಯ ಡಿಗ್ರಿ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ದೊಡ್ಡ ವಿಮಾನ ಇದ್ದ ದೇಶ ಎಲ್ಲಿಗೆ ಬೇಕಾದರೂ ಶಸ್ತ್ರ ಕಳಿಸಬಹುದು ಎಂದೇ ಮಕ್ಕಳು ತಿಳಿದಿರುತ್ತಾರೆ. ಅದಕ್ಕೇ ನಾನು ಗ್ಲೋಬ್ ಮತ್ತು ದಾರದ ಉಂಡೆ ಹಿಡಿದು ಕ್ಲಾಸಿಗೆ ಹೋಗತೊಡಗಿದೆ.

ಮೊದಲು 1973. ಅಕ್ಟೋಬರ್ 6ರಂದು ಈಜಿಪ್ಟ್, ಸಿರಿಯಾ ಇಸ್ರೇಲ್ ಮೇಲೆ ಯುದ್ಧಕ್ಕಿಳಿದವು. ಸೋವಿಯತ್ ವಿಮಾನಗಳು ಆ ಎರಡು ದೇಶಗಳಿಗೆ ಶಸ್ತ್ರ ತಂದಿಳಿಸಿದವು. ಅಮೆರಿಕ 14ರಿಂದ ಇಸ್ರೇಲಿಗೆ 'ನಿಕಲ್ ಗ್ರಾಸ್' ಎಂಬ ಏರ್‌ಲಿಫ್ಟ್, ಅಂದರೆ ವಿಮಾನದಲ್ಲಿ ಶಸ್ತ್ರ ಸಾಗಿಸುವ ಕೆಲಸ, ಶುರು ಮಾಡಿತು. "ಅಮೆರಿಕದಿಂದ ಟೆಲ್ ಅವೀವ್‌ಗೆ ದಾರ ಎಳೆಯಿರಿ. ಯುರೋಪಿನ ನೆಲ ದಾಟಬಾರದು, ಆಫ್ರಿಕಾದ್ದೂ ಬೇಡ" ಎನ್ನುತ್ತೇನೆ. ಅರಬ್ಬರ ಎಣ್ಣೆ ನಿಂತೀತೆಂದು ಯುರೋಪಿನ ಹೆಚ್ಚಿನ ಮಿತ್ರರು ದಾರಿ ಬಿಟ್ಟಿರಲಿಲ್ಲ. ದಾರ ಜಿಬ್ರಾಲ್ಟರ್ ಸಂದಿಯಲ್ಲಿ ನುಗ್ಗಿ, ಮೆಡಿಟರೇನಿಯನ್ ಸಮುದ್ರದ ನಟ್ಟನಡುವೆ ಸಾಗಬೇಕು. ಅಲ್ಲಿ ಬೆರಳು ತಡವರಿಸುತ್ತದೆ.

ಮಲ್ಪೆಯ ಹುಡುಗನೊಬ್ಬ ದಾರದ ಉದ್ದ ನೋಡಿ, "ದೂರ ಹೋಗೋ ಬೋಟಿಗೆ ಡೀಸೆಲ್ಲೇ ಒಂದು ಲೋಡು, ಸರ್" ಅಂದ. ಎಷ್ಟು ಸರಿಯಾಗಿ ಹೇಳಿದ! ಇಂಧನ ಜಾಸ್ತಿಯಾದರೆ ಸಾಮಾನು ಕಮ್ಮಿ. ನಡುವೆ ಎಲ್ಲಾದರೂ ಇಳಿಯಲೇಬೇಕು. ಆ ಜಾಗ ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ಲಾಜೆಸ್ ವಾಯುನೆಲೆ, ಪೋರ್ಚುಗಲ್‌ಗೆ ಸೇರಿದ್ದು. ಪೋರ್ಚುಗಲ್ ಸುಮ್ನೆ ಒಪ್ಪಲಿಲ್ಲ, ಅಮೆರಿಕದ ಅಧ್ಯಕ್ಷ ನಿಕ್ಸನ್ ಖಾರವಾಗಿ ಪತ್ರ ಬರೆದ ಮೇಲೆ ಒಪ್ಪಿತು. ಆಮೇಲೆ ಅರಬ್ ದೇಶಗಳು ಅದಕ್ಕೂ ಎಣ್ಣೆ ನಿಲ್ಲಿಸಿದವು.

ಒಂದು ತಿಂಗಳಲ್ಲಿ 22,000 ಟನ್‌ಗಿಂತ ಜಾಸ್ತಿ ಸಾಮಾನು ಹೋಯಿತು. ಸಿ-141 ವಿಮಾನಗಳು 422 ಸಲ ಹಾರಿದರೆ, ದೈತ್ಯ ಸಿ-5 ಹಾರಿದ್ದು 145 ಸಲ ಮಾತ್ರ. ಆದರೂ ಹತ್ತಿರಹತ್ತಿರ ಅರ್ಧ ಸಾಮಾನು ಹೊತ್ತದ್ದು ಅದೇ. ಮಕ್ಕಳು ಇದಕ್ಕೆ ಬೆರಗಾಗುತ್ತಾರೆ. ನನಗೆ ಮಾತ್ರ ಲಾಜೆಸ್‌ನ ರನ್‌ವೇಯೇ ದೊಡ್ಡದಾಗಿ ಕಾಣುತ್ತದೆ. ಮುಂದೆ ಅಮೆರಿಕ ಸಿ-141ಗಳಿಗೆ ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವ ವ್ಯವಸ್ಥೆ ಜೋಡಿಸಿತು. ಇನ್ನೊಬ್ಬರ ಅಂಗಳ ನಂಬಿ ಕೂರುವುದು ಎಷ್ಟು ಕಷ್ಟ ಅಂತ ಅವರಿಗೆ ಗೊತ್ತಾಗಿತ್ತು, ಅಲ್ವಾ?

ಎರಡನೇ ದಾರ ಆಗ್ರಾದಿಂದ ಮಾಲ್ದೀವ್ಸ್‌ನ ವಿಮಾನ ನಿಲ್ದಾಣವಿರುವ ಹುಲುಲೆ ದ್ವೀಪಕ್ಕೆ. 1988ರ ನವೆಂಬರ್ 3ರಂದು ಅಲ್ಲಿನ ಅಧ್ಯಕ್ಷ ಗಯೂಮ್ ದಂಗೆಕೋರರ ವಿರುದ್ಧ ಭಾರತದ ಸಹಾಯ ಕೇಳಿದರು. ಅದೇ ರಾತ್ರಿ ನಮ್ಮ ಐಎಲ್-76 ಸಾಗಣೆ ವಿಮಾನಗಳು ಪ್ಯಾರಾ ಸೈನಿಕರನ್ನು ಅಲ್ಲಿ ಇಳಿಸಿದವು. ನೇರ ಎಳೆದ ದಾರ ನಮ್ಮ ಘಟ್ಟದ ಮೇಲೇ, ಶೃಂಗೇರಿ ಹತ್ತಿರ ಹಾಯುತ್ತದೆ. ಮಕ್ಕಳು ಮುಗಿಬಿದ್ದು ನೋಡುತ್ತಾರೆ. "ಇಲ್ಲಿ ಯಾರ ಪರ್ಮಿಶನ್ ಬೇಕಿತ್ತು?" ಎಂದರೆ ಉತ್ತರ ಅವರೇ ಹೇಳುತ್ತಾರೆ: ಆಕಾಶ ನಮ್ಮದು, ಸಮುದ್ರದ ಮೇಲೆ ಯಾರ ತಡೆಯೂ ಇಲ್ಲ, ರನ್‌ವೇ ಕರೆದವರದ್ದೇ.

ಮನೆಗೆ ಕೊಡುವ ಕೆಲಸ ಇನ್ನೊಂದು ದಾರ. 1973ರಲ್ಲಿ ಸೋವಿಯತ್ ವಿಮಾನ ಕೈರೋ ಮುಟ್ಟಲು ಯಾರ್ಯಾರು ದಾರಿ ಬಿಡಬೇಕಿತ್ತು? ಹಂಗೇರಿ, ಯುಗೊಸ್ಲಾವಿಯಾ ಎಂದು ಬರೆದು ತಂದವರನ್ನು ಮುಂದಿನ ಕ್ಲಾಸಿನಲ್ಲಿ ಗ್ಲೋಬ್ ಹತ್ತಿರ ಕರೆಯುತ್ತೇನೆ.