ಕರೆಂಟ್ ಬಿಲ್ಲು ಏರದಂತೆ ಮನೆ ಬೆಚ್ಚಗಿಡುವುದು

ಬಿಲ್ಲಿಗೆ ಹೆದರಿ ಹೀಟರ್ ಹಾಕದೆ ಚಳಿಯಲ್ಲೇ ದಿನ ದೂಡುವ ಮನೆಗಳಲ್ಲಿ ಮೊದಲು ನಲುಗುವವರು ಹಸುಗೂಸುಗಳು, ವಯಸ್ಸಾದವರು, ಉಬ್ಬಸ ಇರುವವರು. ಚಳಿ ಪ್ರದೇಶಗಳ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆ ಕೊಟ್ಟಿದೆ. ಹಾಗಾಗಿ ಮೊದಲು ಬೇಕಾದದ್ದು ಥರ್ಮಾಮೀಟರ್. ಮಲಗುವ ಕೋಣೆಯಲ್ಲಿ, ಬಿಸಿಲು, ಹೀಟರ್ ಎರಡರಿಂದಲೂ ದೂರವಿಟ್ಟು, ಬೆಳಗಿನ ಜಾವ ಎಷ್ಟಿದೆಯೆಂದು ಬರೆದಿಡಿ.

ಕಾಸು ಉಳಿಯುವುದು ಸಂದು ಮುಚ್ಚಿದಾಗ. ಹೊರಗೆ ಗಾಳಿ ಬೀಸುವ ದಿನ ಊದುಬತ್ತಿ ಹಚ್ಚಿ ಕಿಟಕಿ ಚೌಕಟ್ಟು, ಬಾಗಿಲ ಕೆಳಗೆ, ಪೈಪು ಗೋಡೆ ಹೊಕ್ಕುವ ಜಾಗದ ಹತ್ತಿರ ನಿಧಾನವಾಗಿ ಆಡಿಸಿ (ಪರದೆ ಸರಿಸಿಟ್ಟಿರಿ). ಹೊಗೆ ಓರೆಯಾದಲ್ಲಿ ಸಂದಿದೆ. ತೆರೆದು ಮುಚ್ಚುವ ಕಿಟಕಿಗೆ ಫೋಮ್ ಟೇಪ್, ಅಲುಗದ ಬಿರುಕಿಗೆ ಸೀಲಂಟ್ (ಸಂದು ತುಂಬುವ ಅಂಟು), ಬಾಗಿಲ ಅಡಿಗೆ ಬ್ರಷ್ ಪಟ್ಟಿ. ಅದಿಲ್ಲದಿದ್ದರೆ ಹಳೆ ಬಟ್ಟೆ ಬಿಗಿಯಾಗಿ ಸುತ್ತಿದ ಸುರುಳಿಯೂ ನಡೆಯುತ್ತದೆ. ಟೇಪ್ ವಾರದಲ್ಲೇ ಕಳಚಿಕೊಂಡರೆ ಕಾರಣ ಬಹುಮಟ್ಟಿಗೆ ಧೂಳು, ಇಲ್ಲವೇ ತೇವ. ಒರೆಸಿ, ಪೂರ್ತಿ ಒಣಗಿಸಿ ಅಂಟಿಸಿ. ತೀರಾ ದಪ್ಪ ಟೇಪ್ ಹಾಕಿದರೆ ಕಿಟಕಿ ಕೂರದೆ ಹೊಸ ಸಂದೇ ಹುಟ್ಟುತ್ತದೆ.

ಗ್ಯಾಸ್, ಕಟ್ಟಿಗೆ ಉರಿಯುವ ಕೋಣೆಯ ಗಾಳಿಕಿಂಡಿಯನ್ನು ಮಾತ್ರ ಎಂದಿಗೂ ಮುಚ್ಚಬೇಡಿ. ಇದ್ದಿಲ ಒಲೆ ಒಳಗೆ ಬೇಡವೇ ಬೇಡ. ಇವು ಉರಿಯುವಾಗ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಲೆಕ್ಕ ನೋಡಿ: 1500 ವ್ಯಾಟ್ ಹೀಟರ್ 4 ಗಂಟೆ ಉರಿದರೆ 6 ಯೂನಿಟ್. 100 ವ್ಯಾಟಿನ ವಿದ್ಯುತ್ ಹೊದಿಕೆ ಅಷ್ಟೇ ಹೊತ್ತಿಗೆ 0.4 ಯೂನಿಟ್. ಮನೆಯಿಡೀ ಕಾಯಿಸಲು ಆಗದಿದ್ದರೆ ಒಂದೇ ಕೋಣೆ ಆರಿಸಿ, ಬಾಗಿಲು ಹಾಕಿ, ಎಲ್ಲರೂ ಅಲ್ಲೇ ಇರಿ. ಹಸುಗೂಸಿಗೆ ವಿದ್ಯುತ್ ಹೊದಿಕೆ ಬೇಡ. ಹೀಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ, ತಂತಿ ಕಾದು ಬೆಂಕಿ ಹೊತ್ತಿಕೊಳ್ಳಬಹುದು.

ಸಂದು ಮುಚ್ಚಿದ ಮನೆಯಲ್ಲಿ ತೇವ ನಿಲ್ಲುತ್ತದೆ. ಒಗೆದ ಬಟ್ಟೆ ಒಳಗೆ ಒಣಗಿಸಿದರೆ ಅದರ ನೀರೆಲ್ಲ ಆವಿಯಾಗಿ ತಣ್ಣನೆ ಗೋಡೆಯ ಮೇಲೆ ಕೂತು ಬೂಷ್ಟು ಹಿಡಿಸುತ್ತದೆ. ಅಡುಗೆ, ಸ್ನಾನವಾದ ಮೇಲೆ 10 ನಿಮಿಷ ಕಿಟಕಿ ಪೂರ್ತಿ ತೆರೆಯಿರಿ. ದಿನವಿಡೀ ಚೂರು ತೆರೆದಿಟ್ಟರೆ ಗೋಡೆಯೇ ತಣ್ಣಗಾಗುತ್ತದೆ. ಬೀರು ಹೊರಗೋಡೆಗೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ.

ಬಾಡಿಗೆ ಮನೆಯಾದರೆ ಥರ್ಮಾಮೀಟರಿನ ದಾಖಲೆ, ಬೂಷ್ಟಿನ ಫೋಟೋಗಳನ್ನು ತಾರೀಖಿನೊಂದಿಗೆ ಇಟ್ಟುಕೊಂಡು ಮನೆಮಾಲೀಕರಿಗೆ ಬರವಣಿಗೆಯಲ್ಲೇ ತಿಳಿಸಿ. ಬಿಲ್ಲು ಕಟ್ಟಲು ಕಷ್ಟವಾದರೆ ಗಡುವು ಮುಗಿಯುವ ಮುಂಚೆಯೇ ವಿದ್ಯುತ್ ಕಂಪನಿಗೆ ಫೋನ್ ಮಾಡಿ, ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳಿ.