ಮೇಜಿನ ಕೆಳಗಿನ ರೈಲುಗಳು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್ ಸ್ಪ್ರಿಂಗ್‌ಫೀಲ್ಡಿನಲ್ಲಿ ಜನವರಿ ಕೊನೆಯ ಹೊತ್ತಿಗೆ ಆಮ್ಹರ್ಸ್ಟ್ ರೈಲ್ವೆ ಸೊಸೈಟಿಯವರು ಮಾದರಿ ರೈಲುಗಳ ದೊಡ್ಡ ಪ್ರದರ್ಶನ ನಡೆಸುತ್ತಾರೆ. ನಾಲ್ಕು ಕಟ್ಟಡಗಳ ತುಂಬ ಮೇಜುಗಳು. ಹೊಸ ಸರಕು ಬೋಗಿ ಒಂದಕ್ಕೇ ಈಗ 40 ಡಾಲರಿನ ಆಸುಪಾಸು ಬೆಲೆ. ಆ ದರದಲ್ಲಿ ಒಂದಿಡೀ ಗೂಡ್ಸ್ ರೈಲು ಕಟ್ಟುವುದು ನನ್ನಿಂದ ಆಗದ ಮಾತು. ನನ್ನಲ್ಲಿರುವ ಬೋಗಿಗಳಲ್ಲಿ ಬಹುಪಾಲು ಬಂದಿರುವುದು ಆ ಮೇಜುಗಳ ಕೆಳಗಿಟ್ಟ ಹಳೆಯ ಬೋಗಿಗಳ ರಟ್ಟಿನ ಪೆಟ್ಟಿಗೆಗಳಿಂದ.

ನಾನು ಕಟ್ಟುತ್ತಿರುವುದು 1950ರ ದಶಕದ ಬಾಸ್ಟನ್ ಅಂಡ್ ಮೇನ್ ರೈಲ್ವೆ, ಮ್ಯಾಸಚೂಸೆಟ್ಸಿನ ಹೂಸಾಕ್ ರೈಲು ಸುರಂಗದ ಸುತ್ತಮುತ್ತಲ ಭಾಗ. ಎಚ್‌ಒ ಅಳತೆ, ಅಂದರೆ ನಿಜದ 87ರಲ್ಲಿ ಒಂದು ಪಾಲು; ಹಳಿಗಳ ನಡುವೆ 16.5 ಮಿಲಿಮೀಟರ್. ರೈಲ್ವೆ ಯಾವುದು, ಕಾಲ ಯಾವುದು ಎಂದು ಮೊದಲೇ ಗೊತ್ತಿದ್ದರೆ ಹತ್ತರಲ್ಲಿ ಒಂಬತ್ತು ಮೇಜುಗಳನ್ನು ಕಣ್ಣಾಡಿಸಿ ದಾಟಿಬಿಡಬಹುದು.

ನ್ಯೂ ಇಂಗ್ಲೆಂಡಿನ, ಅಂದರೆ ಮ್ಯಾಸಚೂಸೆಟ್ಸ್ ಸೇರಿದ ಈಶಾನ್ಯ ಭಾಗದ ಜನ ತಮ್ಮೂರಿನ ರೈಲ್ವೆಗಳನ್ನೇ ಹುಡುಕಿಕೊಂಡು ಬರುತ್ತಾರೆ. ಬಾಸ್ಟನ್ ಅಂಡ್ ಮೇನ್, ನ್ಯೂ ಹೇವನ್, ರಟ್‌ಲ್ಯಾಂಡ್ ಹೆಸರಿನ ಬೋಗಿಗಳು ಶನಿವಾರ ಬೆಳಗ್ಗೆಯೇ ಖಾಲಿ, ಬೆಲೆಯೂ ಬಿಗಿ. ಸಾಂಟಾ ಫೆ, ಸದರ್ನ್ ಪೆಸಿಫಿಕ್‌ನಂಥ ದೂರದ ಹೆಸರಿನವನ್ನು ಕೇಳುವವರು ಕಡಿಮೆ. ಆದರೆ ನಿಜವಾದ ಗೂಡ್ಸ್ ರೈಲಿನಲ್ಲಿ ದೇಶದ ಎಲ್ಲ ಕಡೆಯ ಬೋಗಿಗಳೂ ಬೆರೆತಿರುತ್ತಿದ್ದವು. ಒಂದು ಕಂಪನಿಯ ಬೋಗಿ ಇನ್ನೊಂದರ ಹಳಿಯ ಮೇಲೆ ಹೋಗಿ ಸರಕು ಇಳಿಸುವುದು ಅಲ್ಲಿ ನಿತ್ಯದ ವ್ಯವಹಾರ. ಹಾಗಾಗಿ ಎಂಜಿನ್ ಮಾತ್ರ ನನ್ನ ರೈಲ್ವೆಯದಾದರೆ ಸಾಕು, ಹಿಂದಿನ ಬೋಗಿಗಳು ಕ್ಯಾಲಿಫೋರ್ನಿಯದವಾದರೂ ಇತಿಹಾಸಕ್ಕೆ ಮೋಸವಿಲ್ಲ. ನನಗೆ ಅತಿ ಹೆಚ್ಚು ಹಣ ಉಳಿಸಿದ ತಿಳಿವಳಿಕೆ ಇದೇ.

ಕಾಲ ಹೊಂದುತ್ತದೆಯೇ ಎಂಬುದನ್ನು ಬೋಗಿಯೇ ಹೇಳುತ್ತದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಬಿಎಲ್‌ಟಿ’ ಎಂದು ಬರೆದು ತಿಂಗಳು, ವರ್ಷ ಹಾಕಿರುತ್ತಾರೆ. ಅದು ಆ ಬೋಗಿ ತಯಾರಾದ ದಿನಾಂಕ. 5-48 ಎಂದಿದ್ದರೆ ನನಗೆ ಬೇಕು, 3-62 ಎಂದಿದ್ದರೆ ಬೇಡ. ಬಾಕ್ಸ್‌ಕಾರ್, ಅಂದರೆ ಮುಚ್ಚಿದ ಸರಕು ಬೋಗಿ ಆದರೆ ಚಾವಣಿಯ ಉದ್ದಕ್ಕೂ ನಡೆಯುವ ಹಲಗೆ ಇರಲೇಬೇಕು. 1966ರಿಂದೀಚೆಗೆ ಹೊಸ ಬಾಕ್ಸ್‌ಕಾರ್‌ಗಳಿಗೆ ಅದನ್ನು ಹಾಕುವುದು ನಿಂತಿತು.

ಆಮೇಲೆ ಮಗುಚಿ ತಳ ನೋಡುತ್ತೇನೆ. ಹಳೆಯ ಬೋಗಿಗಳಲ್ಲಿ ಬೋಗಿಗೆ ಬೋಗಿ ಜೋಡಿಸುವ ಪ್ಲಾಸ್ಟಿಕ್ಕಿನ ಕೊಕ್ಕೆ ಕಪ್ಲರ್ ಇರುತ್ತದೆ, ಅದನ್ನು ತೆಗೆದು ‘ಕೇಡಿ’ (Kadee) ಕಂಪನಿಯ ಲೋಹದ ಕಪ್ಲರ್ ಹಾಕಬೇಕು. ಕಪ್ಲರಿನ ಡಬ್ಬಿ ಬೋಗಿಯ ತಳಕ್ಕೇ ಕೂತಿದ್ದರೆ ಇದು ಕೆಲವೇ ನಿಮಿಷಗಳ ಕೆಲಸ. ಗಾಲಿಗಳ ಚೌಕಟ್ಟಿಗೆ ಅಂಟಿಕೊಂಡಿದ್ದರೆ ಕೊಯ್ದು, ಹೊಸ ಡಬ್ಬಿ ಕೂರಿಸಿ, ಎತ್ತರ ಹೊಂದಿಸಬೇಕು. ಅಂಥದ್ದು ಎಷ್ಟೇ ಅಗ್ಗವಾದರೂ ನಾನು ಬಿಡುತ್ತೇನೆ. ಪ್ಲಾಸ್ಟಿಕ್ ಗಾಲಿಗಳನ್ನೂ ಬದಲಿಸಬೇಕಾಗುತ್ತದೆ. ಕಪ್ಲರ್, ಗಾಲಿಗಳ ಖರ್ಚು ಸೇರಿಸಿ ಲೆಕ್ಕ ಹಾಕಿದರೆ 6 ಡಾಲರಿನ ಬೋಗಿ 12ರ ಹತ್ತಿರ ಬರುತ್ತದೆ. ಆಗಲೂ ಲಾಭವೇ. ಏತರ್ನ್ ಕಂಪನಿಯ ಹಳೆಯ ನೀಲಿ ಡಬ್ಬಿಯ ಕಿಟ್‌ಗಳು ಈ ಲೆಕ್ಕಕ್ಕೆ ಚೆನ್ನಾಗಿ ಒಗ್ಗುತ್ತವೆ, ಪೆಟ್ಟಿಗೆಗಟ್ಟಲೆ ಸಿಗುತ್ತವೆ ಕೂಡ.

ಎಂಜಿನ್ ಪರೀಕ್ಷೆಗೆ ಒಂದು ಗೇಣು ಹಳಿಗೆ ಎರಡು ತಂತಿ ಬೆಸೆದು, 9 ವೋಲ್ಟ್ ಬ್ಯಾಟರಿ ಸಿಕ್ಕಿಸಿ ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ಕೇಳಿದರೆ ಬೇಡ ಎನ್ನುವ ಮಾರಾಟಗಾರರು ಅಪರೂಪ. ಡಿಸಿಸಿ ಡಿಕೋಡರ್ (ಹಳಿಯ ಮೂಲಕ ಬರುವ ಡಿಜಿಟಲ್ ಆದೇಶಗಳನ್ನು ಓದುವ ಚಿಪ್ಪು) ಇರುವ ಎಂಜಿನ್ ಬ್ಯಾಟರಿಗೆ ಅಲುಗಾಡದೆ ಇರಬಹುದು, ಆದ್ದರಿಂದ ಒಳಗೆ ಡಿಕೋಡರ್ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಸಾದಾ ಎಂಜಿನ್ ಓಡುತ್ತಾ ಗಾಲಿ ಸುತ್ತಿದಂತೆಲ್ಲ ‘ಟಕ್ ಟಕ್’ ಎಂದರೆ ನನಗೆ ಖುಷಿ. ಅಚ್ಚಿನ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿರುತ್ತದೆ, ಅಷ್ಟೇ. ಹಳೆಯ ಎಂಜಿನ್‌ಗಳಲ್ಲಿ ಇದು ಸಾಮಾನ್ಯ, ಬದಲಿ ಗೇರ್ ಕೆಲವೇ ಡಾಲರ್. ‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿದ ಎಂಜಿನ್‌ಗಳನ್ನು ನಾನು ಮೊದಲು ಎತ್ತಿಕೊಳ್ಳುವುದು ಇದಕ್ಕೇ. ಮೋಟಾರ್ ಸುಟ್ಟ ವಾಸನೆ ಬಂದರೆ, ಲೋಹದ ಚೌಕಟ್ಟು ಉಬ್ಬಿ ಬಿರುಕುಬಿಟ್ಟಿದ್ದರೆ ಮಾತ್ರ ಮುಟ್ಟುವುದಿಲ್ಲ. ಸತುವಿನ ಎರಕ ಒಳಗಿಂದಲೇ ಪುಡಿಯಾಗತೊಡಗಿದರೆ ಮದ್ದಿಲ್ಲ.

ಬೆಲೆಯ ಮಾತಿಗೆ ಭಾನುವಾರ ಮಧ್ಯಾಹ್ನದ ನಂತರ ಹೋಗಬೇಕು. ಉಳಿದದ್ದನ್ನು ಮತ್ತೆ ಹೊತ್ತು ವ್ಯಾನಿಗೆ ಏರಿಸುವ ಉತ್ಸಾಹ ಆಗ ಯಾರಿಗೂ ಇರುವುದಿಲ್ಲ. ಅವೆನ್ಯೂ ರೋಡಿನಲ್ಲಿ ಹಳೆ ಪುಸ್ತಕಕ್ಕೆ ಮಾಡುವಂತೆ ವಸ್ತುವನ್ನು ಹೀಗಳೆದು ಚೌಕಾಸಿ ಮಾಡಿದರೆ ಇಲ್ಲಿ ನಡೆಯದು. ಎಷ್ಟೋ ಮೇಜುಗಳ ಮೇಲಿರುವುದು ತೀರಿಕೊಂಡ ಗೆಳೆಯನ ಸಂಗ್ರಹ. ಅವರ ಮನೆಯವರಿಗಾಗಿ ಕ್ಲಬ್ಬಿನವರು ಕೂತು ಮಾರುತ್ತಿರುತ್ತಾರೆ. ಅವರ ಮುಂದೆ ಕೊಂಕು ತೆಗೆಯಲು ನನಗೆ ಮನಸ್ಸೂ ಬಾರದು. ಬೇಕಾದ ನಾಲ್ಕೈದನ್ನು ಒಟ್ಟಿಗೆ ಮುಂದಿಟ್ಟು, ನೋಟು ಕೈಯಲ್ಲಿ ಹಿಡಿದು, “ಎಲ್ಲ ಸೇರಿ ಎಷ್ಟಕ್ಕೆ ಕೊಡ್ತೀರಿ?” ಎಂದು ಕೇಳುತ್ತೇನೆ. ಹೆಚ್ಚಿನ ಸಲ ಅವರು ಹೇಳುವ ಮೊತ್ತ ನಾನು ಕೇಳಬೇಕೆಂದಿದ್ದಕ್ಕಿಂತ ಕಡಿಮೆಯೇ ಇರುತ್ತದೆ. ಇವನ್ನು ಓಡಿಸುತ್ತೇನೆ, ಮರಳಿ ಮಾರುವುದಕ್ಕಲ್ಲ ಎಂದು ತಿಳಿದಾಗ ಇನ್ನೊಂದು ಬೋಗಿಯನ್ನು ಸುಮ್ಮನೆ ಚೀಲಕ್ಕೆ ಹಾಕಿಕೊಟ್ಟವರೂ ಇದ್ದಾರೆ.