ಇಂಗ್ಲಿಷ್ ನುಡಿಗಟ್ಟು: ನಾನು ಹೇಳಿಕೊಡುವ ರೀತಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಹತ್ತಿರ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿವರು. 'ಅವನು ಕೈಕೊಟ್ಟ' ಅಂದರೆ ಯಾರೂ ಕೈ ನೋಡುವುದಿಲ್ಲ. ನುಡಿಗಟ್ಟು ಅಂದರೇನು ಅಂತ ಇವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗೈಡಿನಲ್ಲಿರುವ ಅರ್ಥದ ಪಟ್ಟಿಯನ್ನು ಉರು ಹೊಡೆದರೆ ಪರೀಕ್ಷೆ ಮುಗಿದ ಮಾರನೇ ದಿನ ಎಲ್ಲಾ ಮಾಯ.

ಹಾಗಾಗಿ ನಾನು ಮೊದಲು ಕೇಳುವುದು, ಈ ಮಾತು ಯಾರ ಕಸುಬಿನಿಂದ ಬಂತು ಅಂತ. ಇಂಗ್ಲಿಷಿನಲ್ಲಿ ಹಾಯಿ ಹಡಗಿನವರ ಮಾತು ಬಹಳ ಜಾಸ್ತಿ. 'ಟೇಕನ್ ಅಬ್ಯಾಕ್' ನೋಡಿ. ಗಾಳಿ ಇದ್ದಕ್ಕಿದ್ದಂತೆ ಎದುರಿನಿಂದ ಬಡಿದು ಹಾಯಿಯನ್ನು ಕಂಬಕ್ಕೆ ಒತ್ತುತ್ತದೆ. ಮುಂದೆ ಹೋಗುತ್ತಿದ್ದ ಹಡಗು ತಡೆದು ನಿಲ್ಲುತ್ತದೆ. ಮನುಷ್ಯ ದಂಗಾಗಿ ನಿಲ್ಲುವುದೂ ಹಾಗೇ ಅಲ್ವಾ? 'ಲರ್ನ್ ದ ರೋಪ್ಸ್', ಅಂದರೆ ಕೆಲಸದ ಒಳಹೊರಗು ಕಲಿಯುವುದು, ಅದು ಕೂಡ ಅಲ್ಲಿಯದೇ ಎನ್ನುತ್ತಾರೆ. ಯಾವ ಹಗ್ಗ ಯಾವ ಹಾಯಿಯದು ಅಂತ ಹೊಸಬ ಮೊದಲು ತಿಳಿಯಬೇಕು. ಕಡಲ ದಡದ ಕಡಪ್ಪುರದ ಮಕ್ಕಳು ಇದನ್ನು ನನಗಿಂತ ಚೆನ್ನಾಗಿ ವಿವರಿಸುತ್ತಾರೆ. ಆವತ್ತು ಅವರೇ ಮೇಷ್ಟ್ರು!

'ಶೋ ದ ವೈಟ್ ಫೆದರ್' ಬಂದರಂತೂ ಇಡೀ ಕ್ಲಾಸಿಗೆ ಹುರುಪು. ಅದು ಕೋಳಿ ಅಂಕದ ಮಾತು. ಹುಂಜದ ಬಾಲದಲ್ಲಿ ಬಿಳಿ ಗರಿ ಕಂಡರೆ ಅದು ಒಳ್ಳೆಯ ತಳಿಯಲ್ಲ, ಕಾದಾಡಲಾರದು ಎಂದು ಇಂಗ್ಲೆಂಡಿನಲ್ಲಿ ನಂಬಿದ್ದರು. ಹೀಗೆ ಬಿಳಿ ಗರಿ ತೋರಿಸುವುದು ಅಂದರೆ ಹೇಡಿತನ ಎಂದಾಯಿತು. 1914ರಲ್ಲಿ ಮಹಾಯುದ್ಧ ಶುರುವಾದಾಗ, ಸೈನ್ಯಕ್ಕೆ ಸೇರದ ಗಂಡಸರ ಕೈಗೆ ಅಲ್ಲಿನ ಕೆಲವು ಹೆಂಗಸರು ಬಿಳಿ ಗರಿ ಕೊಟ್ಟು ನಾಚಿಸುತ್ತಿದ್ದರು. ಇಷ್ಟು ಕೇಳಿದ ಮೇಲೆ ಯಾರೂ ಮರೆಯುವುದಿಲ್ಲ.

ಎಲ್ಲದಕ್ಕೂ ಮೂಲ ಸಿಗುವುದಿಲ್ಲ. ಧೋ ಎಂದು ಸುರಿಯುವ ಮಳೆಗೆ ಹೇಳುವ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಎಲ್ಲಿಂದ ಬಂತೆಂದು ಖಚಿತವಾಗಿಲ್ಲ. ಇಂಥ ಕಡೆ ಸುಮ್ನೆ ಕಥೆ ಕಟ್ಟಬಾರದು ಅನ್ನುವುದು ನನ್ನ ಹಟ. ತುಳುವರ ಆಟಿ ತಿಂಗಳ ಜೋರು ಮಳೆಯ ಬಗ್ಗೆ ಆ ಮಾತು ಬಳಸಿ ಎರಡು ವಾಕ್ಯ ಬರೆಸುತ್ತೇನೆ, ಅಷ್ಟೇ.

ಅರ್ಥ ಗೊತ್ತಾದರೆ ಅರ್ಧ ಕೆಲಸ. ಎಲ್ಲಿ ಬಳಸಬಾರದು ಅಂತಲೂ ತಿಳಿಯಬೇಕು. 'ಕಿಕ್ ದ ಬಕೆಟ್' ಅಂದರೆ ಸತ್ತ ಅಂತ ಎಲ್ಲ ಗೈಡಿನಲ್ಲೂ ಇದೆ. ಆದರೆ ಸಾವಿನ ಮನೆಗೆ ಹೋಗಿ 'ಅಜ್ಜ ಗೊಟಕ್ ಅಂದ್ರು' ಅಂತ ನಾವು ಹೇಳುತ್ತೇವೆಯೇ? ಸಂತಾಪದ ಪತ್ರದಲ್ಲಿ 'ಪಾಸ್ಡ್ ಅವೇ' ಎಂದೇ ಬರೆಸುತ್ತೇನೆ.